ಮುಳ್ಳು ಯಾರ ಕಡೆ ನೋಡ್ತಿದೆ?

ಪೈಲಟ್ ಲೈಸೆನ್ಸಿಗೆ ಬರೆಯಬೇಕಾದ ಏರ್ ನ್ಯಾವಿಗೇಷನ್ ಪೇಪರಿನಲ್ಲಿ ಮೊದಲ ಸಲ ನನಗೆ ಬಂದದ್ದು 66. ಪಾಸಾಗಲು 70 ಬೇಕು. "ನಾಲ್ಕೇ ಮಾರ್ಕು, ಬಿಡು" ಅಂತ ಮನೆಯಲ್ಲಿ ಸಮಾಧಾನ ಹೇಳಿದರು. ನನಗೆ ಮಾತ್ರ ಹೋದ ನಾಲ್ಕಕ್ಕಿಂತ ಬಂದ 66ರ ಬಗ್ಗೆಯೇ ಜಾಸ್ತಿ ನಾಚಿಕೆ. ಅದರಲ್ಲಿ ಅರ್ಧಕ್ಕರ್ಧ ಕ್ವೆಶ್ಚನ್ ಬ್ಯಾಂಕ್ ಬಾಯಿಪಾಠ ಮಾಡಿ ಗಿಟ್ಟಿಸಿದ್ದು. ಪ್ರಶ್ನೆಯ ಮೊದಲ ನಾಲ್ಕು ಪದ ಕಂಡರೆ ಸಾಕು, ಉತ್ತರ 'ಸಿ' ಅಂತ ಕೈ ತಾನೇ ಹೋಗುತ್ತಿತ್ತು. ಯಾಕೆ 'ಸಿ' ಅಂತ ಯಾರಾದರೂ ಕೇಳಿದ್ದರೆ ಸುಮ್ನೆ ಹಲ್ಲು ಕಿರಿಯುತ್ತಿದ್ದೆ ಅಷ್ಟೇ.

ಅದು 2021ರ ಏಪ್ರಿಲ್. ನಾನು ಸೇರಿದ್ದ ಫ್ಲೈಯಿಂಗ್ ಸ್ಕೂಲಿನಲ್ಲಿ ಐದು ವಿಮಾನಗಳಿದ್ದವು, ಹಾರುತ್ತಿದ್ದದ್ದು ಒಂದು. ಅದೂ ನಿಂತಿತು. ಅಷ್ಟರಲ್ಲಿ ಎರಡನೇ ಅಲೆಯ ಲಾಕ್‌ಡೌನ್ ಬಂತು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ನನ್ನ ಲಾಗ್‌ಬುಕ್ಕಿನಲ್ಲಿ ಇದ್ದದ್ದು 61. ಕಟ್ಟಿದ ಫೀಸಿಗೆ ರಸೀದಿ ಇತ್ತು, ಗಂಟೆ ಇರಲಿಲ್ಲ. ಒಂದು ಸೂಟ್‌ಕೇಸ್, ಎರಡು ಚೀಲ ಪುಸ್ತಕ ಹೊತ್ತುಕೊಂಡು ಬಳ್ಳಾರಿಗೆ ವಾಪಸ್ ಬಂದೆ.

ಬಳ್ಳಾರಿ ಬೇಸಿಗೆ ಗೊತ್ತಲ್ಲ. ಊರಿರೋದು ಸಮುದ್ರಮಟ್ಟದಿಂದ ಸುಮಾರು 1600 ಅಡಿ ಎತ್ತರದಲ್ಲಿ. 42 ಡಿಗ್ರಿ ಬಿಸಿಲಿನ ಒಂದು ಮಧ್ಯಾಹ್ನ ಬೇಜಾರಿಗೆ ಲೆಕ್ಕ ಹಾಕಿದೆ. ಆ ಎತ್ತರಕ್ಕೆ ಪುಸ್ತಕದ ಪ್ರಕಾರ ಇರಬೇಕಾದ ತಾಪಮಾನ 12 ಡಿಗ್ರಿ. ನಮ್ಮಲ್ಲಿ ಅದಕ್ಕಿಂತ 30 ಜಾಸ್ತಿ. ಬಿಸಿಯಾದರೆ ಗಾಳಿ ತೆಳುವಾಗುತ್ತೆ, ಎತ್ತರ ಏರಿದ ಹಾಗೆ. ಡಿಗ್ರಿಗೆ 120 ಅಡಿ ಲೆಕ್ಕ ಹಿಡಿದರೆ 3600 ಅಡಿ ಸೇರುತ್ತೆ. ಅಂದರೆ ವಿಮಾನದ ರೆಕ್ಕೆಗೂ ಎಂಜಿನ್ನಿಗೂ ಬಳ್ಳಾರಿ 5200 ಅಡಿ ಎತ್ತರದ ಊರು. ನೆಲದ ಮೇಲೆ ಬಳ್ಳಾರಿ, ಗಾಳಿಯಲ್ಲಿ ನಂದಿಬೆಟ್ಟಕ್ಕಿಂತ ಎತ್ತರ! ಚಳಿ ಒಂದು ಬಿಟ್ಟು.

ಓದುತ್ತಿದ್ದ ಕೋಣೆಯಲ್ಲಿ ಒಂದು ಹಳೇ ಟೇಬಲ್ ಫ್ಯಾನ್ ಇತ್ತು. ಆ ಕಡೆ ಈ ಕಡೆ ತಲೆ ತಿರುಗಿಸುವ ಜಾತಿ. ನನ್ನ 66ಕ್ಕೆ ಮುಖ್ಯ ಕಾರಣವಾಗಿದ್ದ ವಿಒಆರ್ ನನಗೆ ಅರ್ಥವಾಗಿದ್ದು ಅದರಿಂದ.

ವಿಒಆರ್ ಅಂದರೆ ನೆಲದ ಮೇಲಿರುವ ಒಂದು ರೇಡಿಯೋ ಸ್ಟೇಷನ್. "ನೀನು ನನ್ನಿಂದ ಇಂಥ ಡಿಗ್ರಿಯ ಗೆರೆ ಮೇಲಿದ್ದೀಯ" ಅಂತ ಸುತ್ತ ಇರೋ ವಿಮಾನಗಳಿಗೆಲ್ಲ ಒಟ್ಟಿಗೇ ಹೇಳುತ್ತಿರುತ್ತೆ. ನಮ್ಮ ಎಫ್‌ಎಂ ರೇಡಿಯೋ 108 ಮೆಗಾಹರ್ಟ್ಜ್‌ಗೆ ಮುಗಿಯುತ್ತಲ್ಲ, ಅಲ್ಲಿಂದ ಇದರ ಸಂಸಾರ ಶುರು, 117.95ರವರೆಗೆ. ಅದು ಎರಡು ಸಿಗ್ನಲ್ ಬಿಡುತ್ತೆ. ಒಂದು ಎಲ್ಲ ದಿಕ್ಕಿಗೂ ಒಂದೇ ಥರ. ಇನ್ನೊಂದು ಸೆಕೆಂಡಿಗೆ 30 ಸುತ್ತು ತಿರುಗುತ್ತೆ. ವಿಮಾನದ ರಿಸೀವರ್ ಎರಡರ ನಡುವಿನ ಫೇಸ್ ವ್ಯತ್ಯಾಸ ಅಳೆಯುತ್ತೆ. ಇಷ್ಟು ಪುಸ್ತಕದಲ್ಲಿತ್ತು. ಇಷ್ಟನ್ನು ನಾನು ಬರೆದೂ ಬಂದಿದ್ದೆ. ತಲೆಯೊಳಗೆ ಮಾತ್ರ ಯಾವ ಚಿತ್ರವೂ ಇರಲಿಲ್ಲ.

ಒಂದು ಮಧ್ಯಾಹ್ನ ಪುಸ್ತಕ ಎದೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಬಿದ್ದಿದ್ದೆ. ಫ್ಯಾನಿನ ತಲೆ ಎಡಗಡೆ ಕೊನೆ ಮುಟ್ಟಿದಾಗಲೆಲ್ಲ ಒಳಗಿನ ಸವೆದ ಗೇರು 'ಟಕ್' ಅನ್ನುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತಿಗೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಟಕ್, ಒಂದು, ಎರಡು, ಗಾಳಿ. ಆಚೆ ಗೋಡೆ ಹತ್ತಿರ ಅಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಅವಳಿಗೆ ಟಕ್ ಕೇಳಿದ್ದು ನನಗೆ ಕೇಳಿದಾಗಲೇ. ಗಾಳಿ ಮುಟ್ಟಿದ್ದು ನಾಲ್ಕೋ ಐದೋ ಎಣಿಸಿದ ಮೇಲೆ. ಅಂದರೆ ಕಣ್ಣು ಮುಚ್ಚಿಕೊಂಡೇ, ಟಕ್‌ಗೂ ಗಾಳಿಗೂ ನಡುವಿನ ಹೊತ್ತು ಎಣಿಸಿ, ಫ್ಯಾನಿನ ಯಾವ ದಿಕ್ಕಿಗೆ ಕೂತಿದ್ದೇನೆ ಅಂತ ಹೇಳಬಹುದು! ಟಕ್ ಅನ್ನೋದು ಎಲ್ಲರಿಗೂ ಒಂದೇ ಆಗಿರುವ ಸಿಗ್ನಲ್. ಗಾಳಿ ಅನ್ನೋದು ತಿರುಗುವ ಸಿಗ್ನಲ್. ಫ್ಯಾನು ಪೂರ್ತಿ ಸುತ್ತು ಹೊಡೆಯಲ್ಲ, ವಿಒಆರ್ ಹೊಡೆಯುತ್ತೆ. ವಿಒಆರ್ ಲೆಕ್ಕ ಶುರುವಾಗೋದು ಆಯಸ್ಕಾಂತದ ಉತ್ತರದಿಂದ, ನಮ್ಮನೆ ಫ್ಯಾನಿನದು ದೇವರ ಕೋಣೆಯಿಂದ. ಅಷ್ಟೇ ವ್ಯತ್ಯಾಸ.

ಎದ್ದು ಕೂತೆ. ಅಮ್ಮನಿಗೆ ಹೇಳಿದರೆ, "ಹಂಗಾರೆ ಆ ಫ್ಯಾನ್ ರಿಪೇರಿ ಮಾಡ್ಸಬ್ಯಾಡ ಅಂತೀಯೇನು" ಅಂದಳು.

ರಿಪೇರಿ ಮಾಡಬೇಕಾದ ಮನುಷ್ಯ ಮನೆಯಲ್ಲೇ ಇದ್ದರು. ಅಪ್ಪನಿಗೆ ಕೌಲ್ ಬಜಾರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ರೇಡಿಯೋ ಹೋಗಿ ಟೇಪ್ ಬಂತು, ಟೇಪ್ ಹೋಗಿ ಸಿಡಿ ಬಂತು, ಸಿಡಿ ಹೋದಾಗ ಅಪ್ಪ ಅಂಗಡಿಯ ಬಾಗಿಲು ಎಳೆದರು. ಸಾಮಾನೆಲ್ಲ ಮನೆಗೆ ಬಂತು. ಗ್ಯಾಂಗ್ ಕಂಡೆನ್ಸರ್, ಐಎಫ್‌ಟಿ, ವಾಲ್ಯೂಮ್ ಕಂಟ್ರೋಲ್ ಎಲ್ಲ ಪಾರ್ಲೆ ಬಿಸ್ಕತ್ತಿನ ಡಬ್ಬಗಳಲ್ಲಿ. ನಾನು ರೇಡಿಯೋ ಏಡ್ಸ್ ಓದುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಅಪ್ಪ ಸಂಜೆ ಬಂದು ಪಕ್ಕದಲ್ಲಿ ಕೂರುವುದು ಶುರುವಾಯಿತು. ಇಂಗ್ಲಿಷ್ ಪುಸ್ತಕ ಅವರಿಗೆ ಓದಲು ಬರಲ್ಲ. ಸರ್ಕ್ಯೂಟ್ ಚಿತ್ರ ಬಂದಾಗ ಮಾತ್ರ ಕನ್ನಡಕ ಏರಿಸುತ್ತಿದ್ದರು.

ಒಂದು ದಿನ ಅವರಿಗೆ ಒಂದು ಸಂಗತಿ ಹೇಳಿದೆ. ಅದನ್ನು ಓದಿದಾಗ ನನಗೇ ಆಶ್ಚರ್ಯವಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತುಂಬಿಕೊಂಡು ಪುಸ್ ಮಾತ್ ಅನ್ನೋ ಪುಟ್ಟ ವಿಮಾನದಲ್ಲಿ ಅಹಮದಾಬಾದಿಗೆ, ಅಲ್ಲಿಂದ ಮುಂಬೈನ ಜುಹುಗೆ ಬಂದರು. ಮುಂದೆ ಮದ್ರಾಸಿಗೆ ಟಪಾಲು ಒಯ್ದವರು ನೆವಿಲ್ ವಿನ್ಸೆಂಟ್. ಆ ದಾರಿಯಲ್ಲಿ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ! ಮುಂದೆ ಏರ್ ಇಂಡಿಯಾ ಆದ ಸರ್ವಿಸಿನ ಮೊಟ್ಟಮೊದಲ ರಾತ್ರಿ ವಸತಿ ಈ ಊರು. ಮುಂಬೈಯಿಂದ ಇಲ್ಲಿಗೆ ನೇರ ಗೆರೆಯಲ್ಲಿ 600 ಕಿಲೋಮೀಟರ್ ಮೇಲಾಗುತ್ತೆ. ವಿಮಾನದಲ್ಲಿ ರೇಡಿಯೋ ಇಲ್ಲ, ನೆಲದ ಮೇಲೂ ಇಲ್ಲ. ಒಂದು ದಿಕ್ಸೂಚಿ, ಒಂದು ನಕ್ಷೆ, ಕೆಳಗೆ ಕಾಣೋ ನದಿ, ರೈಲು ಹಳಿ. ಕತ್ತಲಾದರೆ ಇಳಿಯಲೇಬೇಕು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಡ್ಡ ಕಂಡಿರ್ತೈತಿ ಅವರಿಗೆ" ಅಂದರು.

ನಿಜ ಇರಬೇಕು. ಬಳ್ಳಾರಿ ಗುಡ್ಡ ಅಂದರೆ ಬಯಲಿನ ನಡುವೆ ಯಾರೋ ತಂದಿಟ್ಟು ಮರೆತು ಹೋದ ಬಂಡೆ. ಕಣ್ಣಿಟ್ಟು ಹಾರುವವನಿಗೆ ಇದಕ್ಕಿಂತ ಒಳ್ಳೇ ಗುರುತು ಸಿಗಲ್ಲ. ಆದರೆ ಅದೇ ಗುಡ್ಡ ಮೋಡದೊಳಗೆ ಹಾರುವವನಿಗೆ? ಕಣ್ಣಿನ ಹಾರಾಟದ ನಿಯಮದಲ್ಲಿ, ಅಂದರೆ ವಿಎಫ್‌ಆರ್‌ನಲ್ಲಿ, 10,000 ಅಡಿಗಿಂತ ಕೆಳಗೆ ಹಾರಲು ಸಾಮಾನ್ಯವಾಗಿ ಮುಂದೆ 5 ಕಿಲೋಮೀಟರ್ ಕಾಣಬೇಕು, ಮೋಡದಿಂದ ಪಕ್ಕಕ್ಕೆ 1500 ಮೀಟರ್, ಮೇಲೆ ಕೆಳಗೆ 1000 ಅಡಿ ದೂರ ಇರಬೇಕು. ಅಷ್ಟು ಕಾಣಲ್ಲ ಅಂದಾಗ ಬರೋದು ಐಎಫ್‌ಆರ್, ಉಪಕರಣ ನೋಡಿ ಹಾರುವ ನಿಯಮ. ಅಲ್ಲಿ ಗುಡ್ಡ ಗುರುತಲ್ಲ. ಚಾರ್ಟಿನ, ಅಂದರೆ ಪೈಲಟ್ ನಕ್ಷೆಯ, ಮೇಲಿನ ಒಂದು ಅಂಕಿ.

ಆ ಚಾರ್ಟುಗಳನ್ನು ಪ್ರಿಂಟ್ ಹಾಕಿಸಲು ಹೋದದ್ದೇ ಒಂದು ಕತೆ. ಏರ್‌ಪೋರ್ಟ್ಸ್ ಅಥಾರಿಟಿಯವರು ಎಐಪಿ ಅನ್ನೋ ದೊಡ್ಡ ದಾಖಲೆಯಲ್ಲಿ ದೇಶದ ಚಾರ್ಟುಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಬೆಂಗಳೂರಿನದು ಹತ್ತಾರು ಹಾಳೆ ಪೆನ್‌ಡ್ರೈವಿಗೆ ಹಾಕಿಕೊಂಡು ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಮೊದಲ ಹಾಳೆ ಮೆಷಿನ್ನಿನಿಂದ ಎಳೆದು ಬೆಳಕಿಗೆ ಹಿಡಿದು, "ಅಕ್ಕಾ, ಸರ್ವೆ ಆಫೀಸಿಂದೇನು? ಯಾವ ಹೊಲ ಇದು?" ಅಂದ. ತಪ್ಪೇನಿಲ್ಲ. ಗೆರೆ, ಕೋನ, ಅಳತೆ, ಗಡಿ ಎಲ್ಲ ಹೊಲದ ಟಿಪ್ಪಣಿ ಥರಾನೇ. ಹೋಲ್ಡಿಂಗ್ ಪ್ಯಾಟರ್ನಿನ ಉದ್ದುರುಟು ಆಕಾರ ನೋಡಿ, "ಇದು ಕೆರೆ" ಅಂತ ತೀರ್ಮಾನವನ್ನೂ ಕೊಟ್ಟ. ಅದು ಇಳಿಯಲು ಜಾಗವಿಲ್ಲದಾಗ ವಿಮಾನ ಸುತ್ತುತ್ತ ಕಾಯುವ ದಾರಿ, ಒಂದು ಸುತ್ತಿಗೆ ನಾಲ್ಕು ನಿಮಿಷ ಅಂತ ಹೇಳಿದೆ. "ಗಾಳ್ಯಾಗೆ ಸಿಗ್ನಲ್ ಬಿದ್ದಂಗೆ" ಅಂದ. ನಾನು ಈಗ ಪಾಠ ಹೇಳುವಾಗ ಇದೇ ಮಾತು ಬಳಸುತ್ತೇನೆ.

ಚಾರ್ಟಿನ ಒಂದು ಮೂಲೆಯಲ್ಲಿ ವೃತ್ತ ಇರುತ್ತೆ. ಅದರೊಳಗೆ ಒಂದೋ ನಾಲ್ಕೋ ಅಂಕಿ. ಎಂಎಸ್‌ಎ ಅಂತಾರೆ. 25 ನಾಟಿಕಲ್ ಮೈಲಿ ತ್ರಿಜ್ಯದೊಳಗೆ ಅತಿ ಎತ್ತರದ ಅಡ್ಡಿ ಯಾವುದಿದೆಯೋ ಅದರ ಮೇಲೆ ಕನಿಷ್ಠ 1000 ಅಡಿ ಬಿಟ್ಟ ಎತ್ತರ ಅದು. ಏನೂ ಕಾಣದಿದ್ದಾಗ ಈ ಅಂಕಿಗಿಂತ ಕೆಳಗೆ ಇಳಿಯಬೇಡ ಅನ್ನುವ ಲಕ್ಷ್ಮಣರೇಖೆ. ನಮ್ಮೂರಿಗೆ ನಾನೇ ಒಂದು ವೃತ್ತ ಹಾಕಿ ನೋಡಿದೆ. ಬಳ್ಳಾರಿ ಗುಡ್ಡ ದೊಡ್ಡ ಅಡ್ಡಿ ಅಂದುಕೊಂಡಿದ್ದೆ. ಕೈವಾರ ತಿರುಗಿಸಿದರೆ ಪಶ್ಚಿಮಕ್ಕೆ ಸುಮಾರು 21 ಮೈಲಿಯಲ್ಲಿ ಸಂಡೂರು ಬಂತು. ಅಲ್ಲಿನ ಬೆಟ್ಟಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1000 ಮೀಟರ್, ಅಂದರೆ 3300 ಅಡಿ. ಮೇಲೆ 1000 ಅಡಿ ಸೇರಿಸಿದರೆ 4300. ಬಳ್ಳಾರಿಗೆ ಬರುವವನ ಎತ್ತರ ನಿರ್ಧಾರ ಮಾಡೋದು ಬಳ್ಳಾರಿ ಗುಡ್ಡ ಅಲ್ಲ, ಸಂಡೂರಿನ ಬೆಟ್ಟ. (ಇದು ನನ್ನ ನೋಟ್‌ಬುಕ್ಕಿನ ಲೆಕ್ಕ. ಹಾರುವವರು ಚಾರ್ಟ್ ನೋಡಿಕೊಳ್ಳಿ ದಯವಿಟ್ಟು.)

ಈ ಚಾರ್ಟುಗಳ ಹಿಂದೆ ಒಬ್ಬ ಮನುಷ್ಯನ ಹಟ ಇದೆ. ಎಲ್‌ರೇ ಜೆಪ್ಪೆಸನ್. ಅಮೆರಿಕದಲ್ಲಿ ಟಪಾಲು ವಿಮಾನ ಹಾರಿಸುತ್ತಿದ್ದ. ಜೊತೆಯ ಪೈಲಟ್‌ಗಳು ಗುಡ್ಡಕ್ಕೆ ಬಡಿದು ಸಾಯುವುದನ್ನು ನೋಡಿ ನೋಡಿ, ಒಂದು ಕಪ್ಪು ನೋಟ್‌ಬುಕ್ ಕೊಂಡು ಬರೆಯಲು ಶುರು ಮಾಡಿದ. ಯಾವ ಮೈದಾನ ಎಷ್ಟು ಉದ್ದ, ಎಲ್ಲಿ ಕಂಬ ಇದೆ, ಯಾವ ರೈತನ ಮನೆಯಲ್ಲಿ ಫೋನ್ ಇದೆ. ಗುಡ್ಡಗಳನ್ನು, ಚಿಮಣಿಗಳನ್ನು ತಾನೇ ಹತ್ತಿ ಆಲ್ಟಿಮೀಟರ್ ಹಿಡಿದು ಎತ್ತರ ಅಳೆಯುತ್ತಿದ್ದನಂತೆ. 1934ರಲ್ಲಿ ಅದರ ಪ್ರತಿಗಳನ್ನು 10 ಡಾಲರಿಗೆ ಮಾರಲು ಶುರು ಮಾಡಿದ. ಇವತ್ತಿಗೂ ಪೈಲಟ್‌ಗಳು ಅಪ್ರೋಚ್ ಚಾರ್ಟಿಗೆ 'ಜೆಪ್' ಅಂತಲೇ ಅನ್ನೋದು.

ಇದನ್ನು ಓದಿದ ಮಾರನೇ ದಿನ ನಾನೂ ಗುಡ್ಡ ಹತ್ತಿದೆ. ಇಂಥ ಹುಚ್ಚು ಬರದಿದ್ದರೆ ಓದಿ ಏನು ಪ್ರಯೋಜನ? ನನ್ನ ಫೋನಿನಲ್ಲಿ ಬ್ಯಾರೋಮೀಟರ್ ಇತ್ತು. ಆಲ್ಟಿಮೀಟರ್ ಅಂದರೂ ಅದೇ, ಗಾಳಿಯ ಒತ್ತಡ ಅಳೆದು ಅದನ್ನು ಅಡಿಯಲ್ಲಿ ಹೇಳುವ ಡಬ್ಬಿ. ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸುಮಾರು 30 ಅಡಿ ಏರಿದ್ದೀಯ ಅನ್ನುತ್ತೆ. ಬೆಳಗ್ಗೆ ಆರೂವರೆಗೆ ಮನೆ ಬಾಗಿಲಲ್ಲಿ ಸೊನ್ನೆ ಇಟ್ಟುಕೊಂಡು ಹೊರಟೆ. ಕೋಟೆಯ ಮೇಲೆ 400 ಅಡಿಗಿಂತ ಜಾಸ್ತಿ ತೋರಿಸಿತು. ಕೆಳಗೆ ಕೆಂಪು ದೂಳಿನೊಳಗೆ ಊರು ಆಗಷ್ಟೇ ಏಳುತ್ತಿತ್ತು. ಪಶ್ಚಿಮಕ್ಕೆ ಕುಡತಿನಿ ಕಡೆಯ ಚಿಮಣಿಗಳು ಇವೆಯೋ ಇಲ್ಲವೋ ಅನ್ನೋ ಹಾಗೆ. ವಿಸಿಬಿಲಿಟಿ ಎಷ್ಟು ಅಂತ ಅಂದಾಜು ಮಾಡುತ್ತ ಕೂತು, ಹತ್ತು ಗಂಟೆ ಹೊತ್ತಿಗೆ ಇಳಿದು ಬಂದೆ. ಮನೆ ಬಾಗಿಲಲ್ಲಿ ಫೋನ್ ಸೊನ್ನೆ ತೋರಿಸಬೇಕು, ಅಲ್ವಾ? ಮೈನಸ್ 50 ಅಡಿ ತೋರಿಸಿತು. ನಾನು ಬರೋ ಅಷ್ಟರಲ್ಲಿ ನಮ್ಮ ಮನೆ ನೆಲದೊಳಗೆ ಇಳಿದಿತ್ತು.

ಫೋನ್ ಕೆಟ್ಟಿಲ್ಲ. ಅವತ್ತಿಡೀ ಅದನ್ನು ಕಪಾಟಿನ ಮೇಲೆ ಅಲ್ಲಾಡಿಸದೆ ಇಟ್ಟೆ. ಸಂಜೆ ನಾಲ್ಕಕ್ಕೆ ನೋಡಿದರೆ, ಬೆಳಗ್ಗೆ ಹತ್ತರಲ್ಲಿ ಇದ್ದದ್ದಕ್ಕಿಂತ ಮನೆ 100 ಅಡಿ ಮೇಲೇರಿತ್ತು. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಾ ಹೀಗೆ ಉಬ್ಬರ ಇಳಿತ ಆಡುತ್ತೆ. ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಅದಕ್ಕೇ ಇಳಿಯುವ ಮೊದಲು ಆ ಊರಿನ ಆ ಹೊತ್ತಿನ ಒತ್ತಡ ಕೇಳಿ ಆಲ್ಟಿಮೀಟರಿಗೆ ಕೊಡಬೇಕು. ಕ್ಯುಎನ್‌ಎಚ್ ಅಂತಾರೆ. ಬೆಳಗಿನ ಅಂಕಿ ಇಟ್ಟುಕೊಂಡು ಸಂಜೆ ಇಳಿದರೆ, ನಿಜಕ್ಕೂ ಇರೋ ಎತ್ತರಕ್ಕಿಂತ 100 ಅಡಿ ಜಾಸ್ತಿ ತೋರಿಸುತ್ತೆ. ಐಎಲ್‌ಎಸ್‌ನ (ರೇಡಿಯೋ ಹಿಡಿದು ರನ್‌ವೇಗೆ ಇಳಿಸುವ ವ್ಯವಸ್ಥೆ) ಮೊದಲ ವರ್ಗದಲ್ಲಿ ರನ್‌ವೇ ಕಾಣದಿದ್ದರೆ ವಾಪಸ್ ಏರಬೇಕಾದ ಕನಿಷ್ಠ ಎತ್ತರವೇ 200 ಅಡಿ. ಅದರಲ್ಲಿ ಅರ್ಧ ನಮ್ಮ ಕಪಾಟಿನ ಮೇಲೇ ಮಾಯವಾಗಿತ್ತು.

ಆ ಬೇಸಿಗೆಯಲ್ಲಿ ಓದಿದ್ದರಲ್ಲಿ ಡಿಎಂಇ ಸುಲಭ. ವಿಮಾನ ನೆಲದ ಸ್ಟೇಷನ್ನಿಗೆ ಕೂ ಅನ್ನುತ್ತೆ, ಅದು 50 ಮೈಕ್ರೋಸೆಕೆಂಡ್ ಬಿಟ್ಟು ವಾಪಸ್ ಕೂ ಅನ್ನುತ್ತೆ, ಹೋಗಿ ಬಂದ ಹೊತ್ತಿನಿಂದ ದೂರ. ಆದರೆ ಅದು ಓರೆ ದೂರ. 6000 ಅಡಿ ಮೇಲೆ ಸರಿಯಾಗಿ ಸ್ಟೇಷನ್ ನೆತ್ತಿಗೆ ಬಂದರೂ "ಇನ್ನೂ ಒಂದು ಮೈಲಿ" ಅಂತಲೇ ಹೇಳುತ್ತೆ, ಸೊನ್ನೆ ಅನ್ನಲ್ಲ. ಐಎಲ್‌ಎಸ್ ಕೂಡ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಎನ್‌ಡಿಬಿ.

ಎನ್‌ಡಿಬಿ ಎಲ್ಲಕ್ಕಿಂತ ಹಳೇದು, ಎಲ್ಲಕ್ಕಿಂತ ಬಡದು. ಸುಮ್ಮನೆ ಎಲ್ಲ ದಿಕ್ಕಿಗೂ ಸಿಗ್ನಲ್ ಬಿಡುವ ಕಂಬ. ಬುದ್ಧಿ ಎಲ್ಲ ವಿಮಾನದಲ್ಲಿರೋ ಎಡಿಎಫ್‌ಗೆ. ಅದರ ಮುಳ್ಳು ಸಿಗ್ನಲ್ ಬರೋ ಕಡೆ ತಿರುಗುತ್ತೆ. ಕಷ್ಟ ಏನೆಂದರೆ ಅದು ಯಾರ ಕಡೆಗೆ ಬೇಕಾದರೂ ತಿರುಗುತ್ತೆ. ಹತ್ತಿರದಲ್ಲಿ ಗುಡುಗು ಮೋಡ ಇದ್ದರೆ ಮಿಂಚಿನ ಕಡೆ ತಿರುಗುತ್ತೆ. ರಾತ್ರಿಯಾದರೆ ದೂರದ ಅಲೆಗಳು ಮೇಲಿನ ಅಯಾನುಗೋಳಕ್ಕೆ ಬಡಿದು ವಾಪಸ್ ಬಂದು ಗೊಂದಲ ಮಾಡುತ್ತವೆ. ತಪ್ಪಾದರೂ ಅದೇ ಗಾಂಭೀರ್ಯದಿಂದ ತೋರಿಸುತ್ತೆ. 'ನಾನು ಕೆಲಸ ಮಾಡ್ತಿಲ್ಲ' ಅಂತ ಹೇಳುವ ಕೆಂಪು ಬಾವುಟ ವಿಒಆರ್‌ಗಿದೆ, ಇದಕ್ಕಿಲ್ಲ.

ಪರೀಕ್ಷೆ ಎರಡನೇ ಸಲ ಪಾಸಾಯಿತು. 2022ರ ಮಳೆಗಾಲದಲ್ಲಿ ಬೇರೆ ಊರಿನ ಬೇರೆ ಸ್ಕೂಲಿನಲ್ಲಿ ಮತ್ತೆ ವಿಮಾನ ಹತ್ತಿದೆ. ಅಲ್ಲಿ ಮೊದಲ ಸಲ ಹುಡ್ ಹಾಕಿದರು. ಹಣೆಗೆ ಕಟ್ಟುವ ಮರೆ. ಹೊರಗೇನೂ ಕಾಣಲ್ಲ, ಮುಂದಿನ ಮೀಟರುಗಳು ಮಾತ್ರ. ಎತ್ತಿಗೆ ಕಣ್ಣುಪಟ್ಟಿ ಕಟ್ಟಿ ಗಾಣಕ್ಕೆ ಹೂಡಿದ ಹಾಗೆ. ನನಗೆ ಲೆಕ್ಕ ಗೊತ್ತಿತ್ತು, ಚಾರ್ಟ್ ಗೊತ್ತಿತ್ತು. ಎರಡನೇ ನಿಮಿಷಕ್ಕೆ ವಿಮಾನ ಬಲಕ್ಕೆ ವಾಲುತ್ತಿದೆ ಅಂತ ಮೈ ಹೇಳಿತು. ಸಣ್ಣಗಲ್ಲ, ಕುರ್ಚಿಯಿಂದ ಬೀಳೋ ಹಾಗೆ. ಎಡಕ್ಕೆ ತಿರುಗಿಸಿದೆ. ಎದುರಿಗಿದ್ದ ಕೃತಕ ಕ್ಷಿತಿಜ ನಾನು ಎಡಕ್ಕೆ 20 ಡಿಗ್ರಿ ವಾಲಿದ್ದೀನಿ ಅನ್ನುತ್ತಿತ್ತು. ಅದು ಕೆಟ್ಟಿದೆ ಅಂತ ನನಗೆ ಖಾತ್ರಿ. ನನ್ನ ಮೈಯಿಗಿಂತ ಆ ಡಬ್ಬಿ ದೊಡ್ಡದೇ?

ಕಿವಿಯೊಳಗೆ ಮೂರು ಸಣ್ಣ ಅರ್ಧಚಂದ್ರ ನಾಳಗಳಿವೆ. ಅವುಗಳಲ್ಲಿರೋ ದ್ರವ ತಿರುವನ್ನು ಮಿದುಳಿಗೆ ಹೇಳುತ್ತೆ. ತೀರ ನಿಧಾನಕ್ಕೆ ತಿರುಗಿದರೆ ಅದಕ್ಕೆ ಗೊತ್ತೇ ಆಗಲ್ಲ. ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ 'ನೆಟ್ಟಗಿದ್ದೇವೆ' ಅನ್ನುತ್ತೆ. ಆಮೇಲೆ ನಿಜಕ್ಕೂ ನೆಟ್ಟಗೆ ಮಾಡಿದರೆ ಆ ಕಡೆ ಬಿದ್ದೆವು ಅಂತ ಕೂಗುತ್ತೆ. ಜಾತ್ರೆಯಲ್ಲಿ ತಿರುಗುಣಿ ಇಳಿದ ಮೇಲೆ ನೆಲ ತಿರುಗುತ್ತಲ್ಲ, ಅದೇ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ತರಬೇತಿ ಇಲ್ಲದ 20 ಪೈಲಟ್‌ಗಳನ್ನು ಮೋಡದೊಳಗೆ ಹೋದ ಸ್ಥಿತಿಗೆ ಒಡ್ಡಿ ನೋಡಿದರು. ಇಪ್ಪತ್ತಕ್ಕೆ ಇಪ್ಪತ್ತು ಜನವೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಹೊತ್ತು 178 ಸೆಕೆಂಡ್. ಮೂರು ನಿಮಿಷವೂ ಇಲ್ಲ. ಅದಕ್ಕೂ 25 ವರ್ಷ ಮೊದಲೇ, 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ ಮುಚ್ಚಿಕೊಂಡು, ಬರೀ ಮೀಟರ್ ನೋಡಿ, ಏರಿ ಸುತ್ತಿ ಇಳಿದು ತೋರಿಸಿದ್ದ. ಆಗುವ ಕೆಲಸ ಅಂತ ಗೊತ್ತಿತ್ತು. ಮೈಗೆ ಕಲಿಸೋದೇ ಕಷ್ಟ.

"ಮೀಟರ್ ನಂಬು" ಅಂತ ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಇರೋದು ಈ ಮಾತಿನ ಬಗ್ಗೆ. ಇದು ಅರ್ಧ ಪಾಠ. ಇನ್ನರ್ಧ ನನಗೆ ಸಿಮ್ಯುಲೇಟರಿನಲ್ಲಿ ಸಿಕ್ಕಿತು. ಒಂದು ವಿಒಆರ್ ಹಿಡಿಯಬೇಕಿತ್ತು. ಫ್ರೀಕ್ವೆನ್ಸಿ ತಿರುಗಿಸುವಾಗ ಎರಡು ಅಂಕಿ ಅದಲು ಬದಲಾಯಿತು. ಮುಳ್ಳಿಗೆ ಜೀವ ಬಂತು, ಬಾವುಟ ಹೋಯಿತು, ಡಯಲ್ ತಿರುಗಿಸಿದರೆ ಮುಳ್ಳು ನೆಟ್ಟಗೆ ನಡುವೆ ನಿಂತಿತು. ಒಂದು ಕೂದಲೂ ಆಚೀಚೆ ಇಲ್ಲ. ಹತ್ತು ನಿಮಿಷ ಅದನ್ನು ನಡುವಲ್ಲೇ ಇಟ್ಟು ಹಾರಿಸಿದೆ. ನನ್ನ ಕೈಚಳಕಕ್ಕೆ ನನಗೇ ಖುಷಿ. ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ಕೈ ಚಾಚಿ ವಾಲ್ಯೂಮ್ ಏರಿಸಿದರು. ಚುಕ್ಕೆ ಗೆರೆಗಳ ಮೋರ್ಸ್ ಸಂಕೇತ ಕೇಳಿಸಿತು. ನನಗೆ ಬೇಕಾಗಿದ್ದ ಮೂರಕ್ಷರ ಅಲ್ಲ. "ಯಾರ ಮನೆಗೆ ಹೊರಟಿದ್ದೀರಿ?" ಅಂತ ಕೇಳಿದರು.

ಪ್ರತಿ ಸ್ಟೇಷನ್ನೂ ತನ್ನ ಹೆಸರನ್ನು ಮೋರ್ಸಿನಲ್ಲಿ ಹೇಳುತ್ತಲೇ ಇರುತ್ತೆ. ಅದನ್ನು ಕೇಳಿಸಿಕೊಂಡು, ಚಾರ್ಟಿನಲ್ಲಿ ಬರೆದ ಚುಕ್ಕೆ ಗೆರೆಗೆ ತಾಳೆ ನೋಡಿ, ಆಮೇಲೆ ಮುಳ್ಳು ನೋಡಬೇಕು. ರಿಪೇರಿ ನಡೆಯುವಾಗ ಸ್ಟೇಷನ್ನಿನವರು ಮೊದಲು ತೆಗೆಯೋದು ಹೆಸರನ್ನೇ. ಸಿಗ್ನಲ್ ಬರಬಹುದು, ಮುಳ್ಳು ಆಡಬಹುದು, ಹೆಸರಿಲ್ಲದಿದ್ದರೆ ಬಳಸುವ ಹಾಗಿಲ್ಲ. ಇದು ನನಗೆ ಹೊಸ ಪಾಠ ಆಗಬಾರದಿತ್ತು. ಒಂದು ವರ್ಷದ ಹಿಂದೆ ನಮ್ಮ ಮನೆ ಕಟ್ಟೆಯ ಮೇಲೆ ಅಪ್ಪ ಇದನ್ನೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಸಂಜೆ ಹೊತ್ತು ಆನ್‌ಲೈನಿನಲ್ಲಿ ನ್ಯಾವಿಗೇಷನ್ ಹೇಳಿಕೊಡುತ್ತೇನೆ. ಲೈಸೆನ್ಸ್ ಇದೆ, ಇನ್‌ಸ್ಟ್ರುಮೆಂಟ್ ರೇಟಿಂಗ್ ಇದೆ, ಏರ್‌ಲೈನಿನ ಕರೆಗೆ ಕಾಯುತ್ತಿದ್ದೇನೆ. ಹೊಸ ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಜಿಪಿಎಸ್ ಇರುವಾಗ ಈ ಹಳೇ ಕಂಬಗಳನ್ನು ಯಾಕೆ ಓದಬೇಕು? ನ್ಯಾಯವಾದ ಪ್ರಶ್ನೆ. ಜಿಪಿಎಸ್ಸನ್ನು ಇನ್ನಷ್ಟು ಕರಾರುವಾಕ್ಕು ಮಾಡುವ, ನಮ್ಮ ದೇಶದ್ದೇ ಗಗನ್ ವ್ಯವಸ್ಥೆ ಇದೆ. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಅದನ್ನು ಹಿಡಿದು ಇಳಿದಿದೆ. ಎನ್‌ಡಿಬಿಗಳನ್ನು ಜಗತ್ತಿನಾದ್ಯಂತ ಒಂದೊಂದಾಗಿ ಮುಚ್ಚುತ್ತಿದ್ದಾರೆ. ಆದರೆ ಜಿಪಿಎಸ್ ಸಿಗ್ನಲ್ಲನ್ನು ಕೆಡಿಸಬಹುದು, ಸುಳ್ಳು ಸಿಗ್ನಲ್ ಬಿಟ್ಟು ವಿಮಾನವನ್ನು ಬೇರೆಲ್ಲೋ ಇರುವ ಹಾಗೆ ತೋರಿಸಬಹುದು. ಯುದ್ಧ ನಡೆಯುವ ಕಡೆ ಇದು ಈಗ ಮಾಮೂಲು. ಅದಕ್ಕೇ ಎಷ್ಟೋ ದೇಶಗಳು ವಿಒಆರ್‌ಗಳನ್ನು ಪೂರ್ತಿ ಕಿತ್ತು ಹಾಕದೆ ಬೇಕಾದಷ್ಟನ್ನು ಉಳಿಸಿಕೊಳ್ಳುತ್ತಿವೆ. ಹುಡುಗರಿಗೆ ಇಷ್ಟು ಹೇಳಿ, ಆಮೇಲೆ ಧಾರವಾಡ ರೇಡಿಯೋ ಕತೆ ಹೇಳುತ್ತೇನೆ.

ಎನ್‌ಡಿಬಿ ಬಗ್ಗೆ ನಾನು ಆ ಬೇಸಿಗೆಯಲ್ಲಿ ಗೊಣಗುತ್ತಿದ್ದಾಗ ಅಪ್ಪ ಒಳಗೆ ಹೋಗಿ ಒಂದು ಫಿಲಿಪ್ಸ್ ಟ್ರಾನ್ಸಿಸ್ಟರ್ ತಂದರು. ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದರು. ಉದ್ದಕ್ಕೆ ಒಂದು ಕಪ್ಪು ಕಡ್ಡಿ, ಅದಕ್ಕೆ ತಾಮ್ರದ ತಂತಿ ಸುತ್ತಿದೆ. ಫೆರೈಟ್ ರಾಡ್. "ಇದರ ತುದಿ ಸ್ಟೇಷನ್ ಕಡಿಗೆ ಹೋದ್ರ ದನಿ ಬೀಳ್ತೈತಿ. ಅಡ್ಡ ಆದ್ರ ಏಳ್ತೈತಿ. ಹಳ್ಳಿಯವರು ರೇಡಿಯೋ ಹಿಡಕೊಂಡು ಸುತ್ತ ತಿರಗತಿದ್ರಲ್ಲ, ಯಾಕಂತ ಮಾಡೀ?" ಎಡಿಎಫ್‌ನ ಲೂಪ್ ಆಂಟೆನಾ ಅಧ್ಯಾಯ ಇಡೀ ಅಷ್ಟೇ. ಜೋರಿನ ದಿಕ್ಕು ಸರಿಯಾಗಿ ಸಿಗಲ್ಲ, ಅದು ಅಗಲ. ದನಿ ಬೀಳುವ ದಿಕ್ಕು ಚೂಪು. ಅದಕ್ಕೇ ಹುಡುಕಬೇಕಾದ್ದು ದನಿ ಸಾಯುವ ಜಾಗವನ್ನು.

ಮಧ್ಯಮ ತರಂಗದಲ್ಲಿ ಧಾರವಾಡ 765 ಕಿಲೋಹರ್ಟ್ಜ್. ಎಡಿಎಫ್ ಕೂಡ ಅದನ್ನು ಹಿಡಿಯುತ್ತೆ, ಎನ್‌ಡಿಬಿಗಳೂ ಈ ಬ್ಯಾಂಡಿನ ಅಕ್ಕಪಕ್ಕದವೇ. ನಾನು ಅಕ್ಷಾಂಶ ರೇಖಾಂಶ ಹಿಡಿದು ಲೆಕ್ಕ ಹಾಕಿದೆ. ಬಳ್ಳಾರಿಯಿಂದ ಧಾರವಾಡ 113 ನಾಟಿಕಲ್ ಮೈಲಿ, ದಿಕ್ಕು ಸುಮಾರು 280 ಡಿಗ್ರಿ. ಅಷ್ಟು ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಮೂರೂವರೆ ಕಿಲೋಮೀಟರ್ ತಪ್ಪಿದ ಹಾಗೆ. ಐದು ಡಿಗ್ರಿ ತಪ್ಪಿದರೆ 18 ಕಿಲೋಮೀಟರ್, ಗುಡ್ಡ ಕಾಣಬೇಕಾದ ಕಡೆ ಬರೀ ಎರೆ ಹೊಲ. ಸಂಜೆ ಮಹಡಿ ಮೇಲೆ ಕೂತು ರೇಡಿಯೋ ತಿರುಗಿಸಿದೆವು. ದನಿ ಬೀಳುವ ಜಾಗ ನಿಲ್ಲುತ್ತಲೇ ಇಲ್ಲ. ಈಗ ಇಲ್ಲಿ, ಈಗ ಅಲ್ಲಿ. ನಡುವೆ ಯಾವುದೋ ಭಾಷೆಯ ಹಾಡು ನುಗ್ಗುತ್ತಿತ್ತು. ಸೂರ್ಯ ಮುಳುಗಿತ್ತು. ಪುಸ್ತಕದ ನೈಟ್ ಎಫೆಕ್ಟ್ ನಮ್ಮ ಮಹಡಿ ಮೇಲೇ ಆಡುತ್ತಿತ್ತು. ಸಾಲದ್ದಕ್ಕೆ ಕೆಳಗೆಲ್ಲ ಆರ್‌ಸಿಸಿ ಕಬ್ಬಿಣ.

ಮಾರನೇ ದಿನ ಮಧ್ಯಾಹ್ನ ಮನೆ ಮುಂದಿನ ಕಡಪ ಕಲ್ಲಿನ ಕಟ್ಟೆಗೆ ಬಂದೆವು. ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ರೇಡಿಯೋ ನಿಧಾನ ತಿರುಗಿಸಿದರು. ಒಂದು ಕಡೆ ದನಿ ಬಾವಿಗೆ ಬಿದ್ದ ಹಾಗೆ ಸಣ್ಣಗಾಯಿತು. ಮತ್ತೆ ತಿರುಗಿಸಿ ತಂದರು. ಅದೇ ಜಾಗ. ನಾನು ಫೋನಿನ ದಿಕ್ಸೂಚಿ ರೇಡಿಯೋ ಮೇಲಿಟ್ಟೆ. 311. ಲೆಕ್ಕಕ್ಕೂ ಇದಕ್ಕೂ 31 ಡಿಗ್ರಿ ಅಂತರ! ಅಪ್ಪ ನಕ್ಕರು. "ಸ್ಪೀಕರ್‌ನ್ಯಾಗ ಮ್ಯಾಗ್ನೆಟ್ ಐತಲ್ಲೇ." ವಿಮಾನದ ದಿಕ್ಸೂಚಿಯ ಕೆಳಗೆ ಡೀವಿಯೇಷನ್ ಕಾರ್ಡ್ ಅಂತ, ಅದು ಎಷ್ಟು ತಪ್ಪು ತೋರಿಸುತ್ತೆ ಅಂತ ಬರೆದ ಒಂದು ಚೀಟಿ ಅಂಟಿಸಿರುತ್ತಾರೆ. ಯಾಕೆ ಅಂತ ಆಗ ತಿಳಿಯಿತು. ಕಡ್ಡಿಯ ಗೆರೆಗೆ ಒಂದು ದಾರ ಎಳೆದು, ಎರಡು ಮಾರು ಆಚೆ ಹೋಗಿ ನೋಡಿದೆ. 282.

ನಾನು ಕುಣಿದೆ. ಕಟ್ಟೆಯ ಮೇಲೆ ಗೆರೆ ಎಳೆಯೋಣ, ಸ್ಕ್ರೂಡ್ರೈವರ್ ಕೊಡಿ ಅಂದೆ. ಅಪ್ಪ ಕೊಡಲಿಲ್ಲ.

"ಇದು ಹಿಂದಕ್ಕೂ ಹಂಗ ತೋರಸ್ತೈತಿ. ಗುಂತಕಲ್ ಕಡಿಗೂ ಅದ ಗೆರಿ. ಧಾರವಾಡನ ಅಂತ ಹೆಂಗ ಹೇಳ್ತಿ?"

ಸರಿ ಮಾತು. ಲೂಪ್ ಒಂದೇ ಇದ್ದರೆ ಎದುರೂ ಬೆನ್ನೂ ಒಂದೇ. ಅದಕ್ಕೇ ಎಡಿಎಫ್‌ನಲ್ಲಿ ಸೆನ್ಸ್ ಆಂಟೆನಾ ಅಂತ ಇನ್ನೊಂದು ಇರುತ್ತೆ. ನಮ್ಮ ಫಿಲಿಪ್ಸಿನಲ್ಲಿ ಅದಿಲ್ಲ. 765ರಲ್ಲೇ ಇದೆಯಲ್ಲ ಅಂದೆ. ಡಯಲ್ ಮುಳ್ಳು ಸರಿದಿರುತ್ತೆ, ಅದನ್ನು ನಾನೇ ಎಷ್ಟು ರೇಡಿಯೋದಲ್ಲಿ ಕೂರಿಸಿದ್ದೀನಿ ಅಂದರು. ಜಾನಪದ ಗೀತೆ ಬರ್ತಿದೆಯಲ್ಲ ಅಂದೆ. ಜಾನಪದ ಗೀತೆ ಕಲಬುರಗಿಯವರೂ ಹಾಕ್ತಾರೆ ಅಂದರು.

ಮತ್ತೇನು ಮಾಡೋದು? ಬಿಸಿಲಿನಲ್ಲಿ ಕೂತೆವು. ರೇಡಿಯೋ ಅಡ್ಡಕ್ಕೆ ತಿರುಗಿಸಿ ದನಿ ಜೋರು ಮಾಡಿದರು. ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ಅಮ್ಮ ಬಂದು ಊಟಕ್ಕೆ ಕರೆದಳು. ಅಪ್ಪ ಕೈಯೆತ್ತಿ ತಡಿ ಅಂದರು. ಎರಡನೇ ಹಾಡೂ ಮುಗಿಯಿತು. ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ ಒಂದು ಹೆಣ್ಣು ದನಿ, "ಆಕಾಶವಾಣಿ, ಧಾರವಾಡ" ಅಂದಿತು.

ಅಪ್ಪ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ದಾರದ ಪಕ್ಕಕ್ಕೆ ಕಲ್ಲಿನ ಮೇಲೆ ಗೆರೆ ಎಳೆದರು.